ಸಕಲೇಶಪುರದ ತೋಟದಿಂದ ಆಂಡ್ರೊಮಿಡಾ ಗ್ಯಾಲಕ್ಸಿ ಕಾಣುತ್ತದೆಯೇ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲೂಕಿನಲ್ಲಿ ಕಾಫಿ ತೋಟ. ಮಗಳಿಗೆಂದು 70 ಎಂ.ಎಂ. ಟೆಲಿಸ್ಕೋಪ್ ತರಿಸಿದೆವು. ಫೋಕಲ್ ಲೆಂತ್ 700 ಎಂ.ಎಂ., ಜೊತೆಗೆ 25 ಮತ್ತು 10 ಎಂ.ಎಂ. ಐಪೀಸ್, ಪವರನ್ನು ಮೂರು ಪಟ್ಟು ಮಾಡುವ ಒಂದು 3 ಎಕ್ಸ್ ಬಾರ್ಲೋ ಲೆನ್ಸ್ ಬಂದಿವೆ. ಚಂದ್ರ, ಗುರು ಚೆನ್ನಾಗಿ ಕಂಡವು. ಆಂಡ್ರೊಮಿಡಾ ಗ್ಯಾಲಕ್ಸಿ ಮಾತ್ರ ಪವರ್ ಎಷ್ಟು ಹೆಚ್ಚಿಸಿದರೂ ಸಿಗಲಿಲ್ಲ. ಇನ್ನೂ ದೊಡ್ಡದು ಬೇಕೇ? ಮನೆಯಲ್ಲೊಂದು ಹಳೆಯ 10×50 ಬೈನಾಕ್ಯುಲರ್ ಇದೆ, ಅದರಿಂದ ಏನಾದರೂ ಪ್ರಯೋಜನವಿದೆಯೇ? ಮಗಳದ್ದು ಇನ್ನೆರಡು ಪ್ರಶ್ನೆ: ಅದು 25 ಲಕ್ಷ ಜ್ಯೋತಿರ್ವರ್ಷ ದೂರ ಎಂದು ಅಳೆದದ್ದು ಹೇಗೆ? ವಿಶ್ವ ಹಿಗ್ಗುತ್ತಿದ್ದರೆ ಆಂಡ್ರೊಮಿಡಾ ನಮ್ಮ ಕಡೆಗೇ ಬರುತ್ತಿದೆ ಅನ್ನುವುದು ಹೇಗೆ?

ಉತ್ತರ: ದೊಡ್ಡದು ಬೇಡ. ಮೊದಲು ಬಾರ್ಲೋ ಲೆನ್ಸನ್ನು ಬಿಚ್ಚಿ ಡಬ್ಬಿಯೊಳಗಿಡಿ, ಹಳೆಯ ಬೈನಾಕ್ಯುಲರನ್ನು ಹೊರಗೆ ತೆಗೆಯಿರಿ. ಆಂಡ್ರೊಮಿಡಾ ಹುಡುಕಲು ನಿಮ್ಮ ಮನೆಯಲ್ಲಿರುವ ಎರಡು ಉಪಕರಣಗಳಲ್ಲಿ ಬೈನಾಕ್ಯುಲರೇ ಮೇಲು. ಒಳ್ಳೆಯ ರಾತ್ರಿ ಸಿಕ್ಕರೆ ಅದೂ ಬೇಕಾಗುವುದಿಲ್ಲ, ನಿಮ್ಮ ತೋಟದಿಂದ ಬರಿಗಣ್ಣಿಗೇ ಕಾಣುತ್ತದೆ.

ದೂರದಲ್ಲಿರುವುದು ಚಿಕ್ಕದಾಗಿ ಕಾಣುತ್ತದೆ, ಆದ್ದರಿಂದ ಪವರ್ ಹೆಚ್ಚಿಸಬೇಕು ಎಂಬ ಲೆಕ್ಕ ಗುರುವಿಗೆ ಸರಿ, ಇಲ್ಲಿ ಸರಿಯಾಗುವುದಿಲ್ಲ. ಆಂಡ್ರೊಮಿಡಾ ಆಕಾಶದಲ್ಲಿ ಚಿಕ್ಕದಲ್ಲ. ಅದರ ಉದ್ದ ಸುಮಾರು 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಅಗಲ ಸುಮಾರು 1 ಡಿಗ್ರಿ. ಒಟ್ಟು ಬೆಳಕನ್ನು ಒಂದೇ ಚುಕ್ಕೆಗೆ ಕೂಡಿಹಾಕಿದರೆ ಅದರ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) 3.4, ಊರಿನ ಅಂಚಿನಿಂದಲೂ ಕಾಣುವ ನಕ್ಷತ್ರದಷ್ಟು. ಆದರೆ ಆ ಬೆಳಕು ಅಷ್ಟು ಅಗಲಕ್ಕೆ ಹರಡಿ ತೆಳುವಾಗಿದೆ. ತೊಂದರೆ ಇರುವುದು ಈ ತೆಳುವಿನಲ್ಲಿ, ಗಾತ್ರದಲ್ಲಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಹಗಲಿನಲ್ಲಿ ಬೈನಾಕ್ಯುಲರನ್ನು ಸೂರ್ಯನಿಗೆ ಪೂರ್ತಿ ವಿರುದ್ಧ ದಿಕ್ಕಿನ ಆಕಾಶಕ್ಕೆ ತಿರುಗಿಸಿ, ಕಣ್ಣಿಗೆ ಹಚ್ಚದೆ ಒಂದಡಿ ದೂರ ಹಿಡಿದು ಐಪೀಸನ್ನು ನೋಡಿ. ಗಾಜಿನ ನಡುವೆ ಬೆಳ್ಳಗಿನ ಪುಟ್ಟ ಬಿಲ್ಲೆ ಕಾಣುತ್ತದೆ. ಉಪಕರಣದಿಂದ ಹೊರಬರುವ ಬೆಳಕಿನ ಕಂಬಿಯ ದಪ್ಪ ಅದು. ಲೆನ್ಸಿನ ಅಗಲವನ್ನು ಪವರ್‌ನಿಂದ ಭಾಗಿಸಿದರೆ ಅದರ ಅಳತೆ ಸಿಗುತ್ತದೆ: 50ನ್ನು 10ರಿಂದ ಭಾಗಿಸಿದರೆ 5 ಎಂ.ಎಂ. ನಿಮ್ಮ ಟೆಲಿಸ್ಕೋಪಿನ ಪವರ್ ಎಂದರೆ ಫೋಕಲ್ ಲೆಂತನ್ನು ಐಪೀಸಿನ ಅಂಕಿಯಿಂದ ಭಾಗಿಸಿದ್ದು: 25 ಎಂ.ಎಂ. ಐಪೀಸ್ ಹಾಕಿದರೆ ಪವರ್ 28, ಬಿಲ್ಲೆ 2.5 ಎಂ.ಎಂ. 10 ಎಂ.ಎಂ. ಐಪೀಸಿಗೆ ಪವರ್ 70, ಬಿಲ್ಲೆ 1 ಎಂ.ಎಂ. ಅದರ ಮೇಲೆ ಬಾರ್ಲೋ ಸೇರಿಸಿದರೆ ಪವರ್ 210, ಬಿಲ್ಲೆ ಮೂರನೇ ಒಂದು ಮಿಲಿಮೀಟರ್.

ಕತ್ತಲೆಗೆ ಒಗ್ಗಿದ ಕಣ್ಣಿನ ಪಾಪೆ ಸುಮಾರು 6 ಎಂ.ಎಂ. ತೆರೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಹರಡಿಕೊಂಡ ವಸ್ತುವಿನ ಮೇಲ್ಮೈ ಹೊಳಪು ಬಿಲ್ಲೆ ಮತ್ತು ಪಾಪೆಯ ಅಳತೆಗಳ ಅನುಪಾತದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಬರಿಗಣ್ಣಿಗೆ ಹೋಲಿಸಿದರೆ ಬೈನಾಕ್ಯುಲರಿನಲ್ಲಿ ಶೇ. 70ರಷ್ಟು ಉಳಿಯುತ್ತದೆ, ಗಾತ್ರ ಮಾತ್ರ ಹತ್ತು ಪಟ್ಟಾಗುತ್ತದೆ. 25 ಎಂ.ಎಂ. ಐಪೀಸಿನಲ್ಲಿ ಆರರಲ್ಲೊಂದು ಪಾಲು. 10 ಎಂ.ಎಂ.ನಲ್ಲಿ 36ರಲ್ಲೊಂದು. ಬಾರ್ಲೋ ಸೇರಿದರೆ 300ರಲ್ಲಿ ಒಂದು ಪಾಲೂ ಇಲ್ಲ. ಹರಡಿದ ಬೆಳಕನ್ನು ಬರಿಗಣ್ಣಿಗಿಂತ ದಟ್ಟವಾಗಿ ತೋರಿಸುವ ಟೆಲಿಸ್ಕೋಪ್ ಜಗತ್ತಿನಲ್ಲಿ ಎಲ್ಲೂ ಇಲ್ಲ, ಎಷ್ಟೇ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಟೆಲಿಸ್ಕೋಪ್ ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೇ.

ಇನ್ನೊಂದು ಅಡ್ಡಿ ನೋಟದ ಅಗಲದ್ದು. 210 ಪವರ್‌ನಲ್ಲಿ ನಿಮಗೆ ಕಾಣುವ ಆಕಾಶ ಕಾಲು ಡಿಗ್ರಿಯಷ್ಟು. ಮೂರು ಡಿಗ್ರಿ ಉದ್ದದ ಮಬ್ಬಿನೊಳಗೆ ಕಾಲು ಡಿಗ್ರಿಯ ಕಿಂಡಿ ಇಟ್ಟರೆ ನೋಟದ ತುಂಬ ಒಂದೇ ಸಮನಾದ ಬೂದು. ಮಬ್ಬನ್ನು ಕಣ್ಣು ಗುರುತಿಸುವುದು ಅದರ ಅಂಚಿನಿಂದ. ಅಂಚೇ ಒಳಗೆ ಬರದಿದ್ದರೆ ಗ್ಯಾಲಕ್ಸಿಯನ್ನು ನೇರವಾಗಿ ನೋಡುತ್ತಿದ್ದರೂ ಗೊತ್ತಾಗುವುದಿಲ್ಲ. ನಿಮಗೆ ಆಗಿರುವುದು ಬಹುಶಃ ಇದೇ. ಅಂದಹಾಗೆ, 70 ಎಂ.ಎಂ. ಲೆನ್ಸಿಗೆ ಉಪಯುಕ್ತವಾದ ಗರಿಷ್ಠ ಪವರ್ ಅದರ ಅಗಲದ ಎರಡು ಪಟ್ಟು, ಅಂದರೆ 140. ಡಬ್ಬಿಯ ಮೇಲೆ ಅದಕ್ಕಿಂತ ಹೆಚ್ಚು ಬರೆದಿದ್ದರೆ ಅದು ಮಾರಾಟದ ಮಾತು. ಬಾರ್ಲೋ ಚಂದ್ರನಿಗೂ ಹೆಚ್ಚಿಗೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಯಾವಾಗ ನೋಡಬೇಕು ಎಂಬುದು. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಎಲ್ಲವೂ 13 ಡಿಗ್ರಿ ಉತ್ತರ ಅಕ್ಷಾಂಶದ ಆಚೀಚೆ ಇವೆ. ಆಂಡ್ರೊಮಿಡಾ ಆಕಾಶದ ಸಮಭಾಜಕದಿಂದ (ಭೂಮಿಯ ಸಮಭಾಜಕದ ನೇರ ಮೇಲಿನ ರೇಖೆಯಿಂದ) 41 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ನಿಮ್ಮಲ್ಲಿ ಅದು ಉತ್ತರ ದಿಕ್ಕಿನಲ್ಲಿ 62 ಡಿಗ್ರಿ ಎತ್ತರಕ್ಕೆ ಏರುತ್ತದೆ, ದಿಗಂತದಿಂದ ನೆತ್ತಿಯವರೆಗಿನ ದಾರಿಯಲ್ಲಿ ಮೂರನೇ ಎರಡು ಪಾಲು. ಅಷ್ಟು ಎತ್ತರದಲ್ಲಿ ಸಿಲ್ವರ್ ಓಕ್ ಮರಗಳ ಅಡ್ಡಿಯೂ ಕಡಿಮೆ, ದಿಗಂತದ ಮಂಜಿನ ಅಡ್ಡಿಯೂ ಕಡಿಮೆ. ಆ ಎತ್ತರಕ್ಕೆ ಅದು ಬರುವುದು ಅಕ್ಟೋಬರ್ ಮಧ್ಯದಲ್ಲಿ ರಾತ್ರಿ ಹನ್ನೊಂದೂವರೆಗೆ, ನವೆಂಬರ್ ಮಧ್ಯದಲ್ಲಿ ಒಂಬತ್ತೂವರೆಗೆ, ಡಿಸೆಂಬರ್ ಮಧ್ಯದಲ್ಲಿ ಏಳೂವರೆಗೆ. ಜನವರಿ ಮಧ್ಯದಲ್ಲಿ ಕತ್ತಲಾಗುವ ಹೊತ್ತಿಗೆ ವಾಯವ್ಯಕ್ಕೆ ವಾಲಲು ಶುರು ಮಾಡಿರುತ್ತದೆ, ಆದರೂ ಏಳೂವರೆಗೆ 50 ಡಿಗ್ರಿ ಎತ್ತರದಲ್ಲಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಆಕಾಶದ ಆಸೆ ಬಿಡಬೇಕು.

ಚಂದ್ರನಿದ್ದರೆ ಎಲ್ಲ ಶ್ರಮವೂ ವ್ಯರ್ಥ. ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು: ಕೃಷ್ಣ ಪಕ್ಷದ ಅಷ್ಟಮಿಗೆ ಚಂದ್ರ ಹುಟ್ಟುವುದು ನಡುರಾತ್ರಿಯ ಆಸುಪಾಸಿನಲ್ಲಿ, ಆಮೇಲಿನ ದಿನಗಳಲ್ಲಿ ಇನ್ನೂ ತಡ. ಅಲ್ಲಿಂದ ಅಮಾವಾಸ್ಯೆಯವರೆಗೆ ಸಂಜೆಯ ಆಕಾಶ ಪೂರ್ತಿ ನಿಮ್ಮದು. ಶುಕ್ಲ ಪಂಚಮಿಯವರೆಗೂ ಹತ್ತು ಗಂಟೆಯ ಹೊತ್ತಿಗೆ ಚಂದ್ರ ಮುಳುಗುತ್ತಾನೆ. ದೀಪಾವಳಿ ಅಮಾವಾಸ್ಯೆಯ ಆಸುಪಾಸು ಆಂಡ್ರೊಮಿಡಾಗೆ ಹೇಳಿ ಮಾಡಿಸಿದಂಥ ಕಾಲ. ಪೇಟೆಯ ಹತ್ತಿರದವರಿಗೆ ಪಟಾಕಿ ಹೊಗೆಯ ಕಾಟ ಎರಡು ಮೂರು ದಿನ ಇರುತ್ತದೆ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ನೋಡಿದರೆ ಅದೂ ಇಲ್ಲ.

ಜಾಗ ಆರಿಸುವಾಗ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಕಡೆ ಆನೆ ಓಡಾಟವಿದೆ. ಕತ್ತಲೆ ಹುಡುಕಿಕೊಂಡು ತೋಟದ ಒಳಗೋ ಕೆರೆ ಏರಿಗೋ ಹೋಗಬೇಡಿ. ಮನೆಯ ತಾರಸಿ, ಇಲ್ಲವೇ ಮನೆಗೆ ಅಂಟಿದ ಕಾಫಿ ಕಣ ಧಾರಾಳವಾಗಿ ಸಾಕು. ಕಣದ ದೀಪವನ್ನೂ ಗೇಟಿನ ದೀಪವನ್ನೂ ಒಂದು ಗಂಟೆ ಆರಿಸಿ. ಕತ್ತಲೆ ಎಷ್ಟಿದೆ ಎಂದು ತಿಳಿಯಲು ಆಕಾಶದಲ್ಲೇ ಅಳತೆಗೋಲು ಇದೆ. ಪೂರ್ವಾಭಾದ್ರಾ, ಉತ್ತರಾಭಾದ್ರಾ ನಕ್ಷತ್ರಗಳ ಎರಡು ಜೋಡಿ ಸೇರಿ ನವೆಂಬರ್ ರಾತ್ರಿ ನೆತ್ತಿಯ ಹತ್ತಿರ ದೊಡ್ಡ ಚೌಕ ಆಗುತ್ತದೆ. ಪ್ರತಿ ಬದಿ ಸುಮಾರು 15 ಡಿಗ್ರಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ 10 ಡಿಗ್ರಿ, ಅದರ ಒಂದೂವರೆಯಷ್ಟು. ಆ ಚೌಕದ ಒಳಗೆ ಎಷ್ಟು ನಕ್ಷತ್ರ ಕಾಣುತ್ತವೆ ಎಣಿಸಿ. ಒಂದೂ ಇಲ್ಲದಿದ್ದರೆ ಬೆಳಕು ಜಾಸ್ತಿಯಿದೆ, ಆಂಡ್ರೊಮಿಡಾಗೆ ಬೈನಾಕ್ಯುಲರ್ ಬೇಕೇ ಬೇಕು. ಹಾಸನ ನಗರದೊಳಗಿನವರ ಪಾಡು ಇದು. ನಾಲ್ಕೈದು ಕಂಡರೆ ಬರಿಗಣ್ಣಿಗೆ ಪ್ರಯತ್ನಿಸಬಹುದು. ಹತ್ತು ದಾಟಿದರೆ ನೀವು ಅದೃಷ್ಟವಂತರು, ಆ ಕತ್ತಲೆಯನ್ನು ಕಾಪಾಡಿಕೊಳ್ಳಿ.

ಈಗ ದಾರಿ. ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಎದುರಿಗೆ 45 ಡಿಗ್ರಿ ಎತ್ತರದ ಆಸುಪಾಸಿನಲ್ಲಿ ಐದು ನಕ್ಷತ್ರಗಳ ಕ್ಯಾಸಿಯೋಪಿಯಾ ಇಂಗ್ಲಿಷಿನ ಎಂ ಅಕ್ಷರದಂತೆ ಇರುತ್ತದೆ. ಅದರ ಎರಡು ಕೋನಗಳಲ್ಲಿ ಹೆಚ್ಚು ಚೂಪಾದದ್ದು ಎಡಗಡೆಯದು. ಅದರ ತುದಿಯ ನಕ್ಷತ್ರ ಶೆಡಾರ್. ಶೆಡಾರ್ ಮತ್ತು ಆಂಡ್ರೊಮಿಡಾ ಹೆಚ್ಚು ಕಡಿಮೆ ಒಂದೇ ಉತ್ತರ-ದಕ್ಷಿಣ ಗೆರೆಯಲ್ಲಿವೆ. ಮೇಲೆ ಹೇಳಿದ ಸಮಯಕ್ಕೆ ಸರಿಯಾಗಿ ನೋಡಿದರೆ ಶೆಡಾರ್‌ನಿಂದ ನೇರ ಮೇಲಕ್ಕೆ, ನೆತ್ತಿಯ ಕಡೆಗೆ, ಒಂದೂವರೆ ಮುಷ್ಟಿ ಹೋದರೆ ಆಂಡ್ರೊಮಿಡಾ ಇರುವ ಜಾಗ. ನಿಮ್ಮ ಅಕ್ಷಾಂಶದವರಿಗೆ ಇದು ಸುಲಭದ ದಾರಿ.

ಖಚಿತ ಮಾಡಿಕೊಳ್ಳಲು ಇನ್ನೊಂದು ದಾರಿಯಿಂದಲೂ ಬನ್ನಿ. ಭಾದ್ರಪದ ಚೌಕದ ಈಶಾನ್ಯ ಮೂಲೆಯ ನಕ್ಷತ್ರ ಆಲ್ಫೆರಾಟ್ಜ್. ಅಲ್ಲಿಂದ ಬಲಕ್ಕೆ, ತುಸು ಕೆಳಕ್ಕೆ, ಒಂದೂವರೆ ಮುಷ್ಟಿ ದೂರದಲ್ಲಿ ಅಷ್ಟೇ ಪ್ರಕಾಶದ ಮೀರಾಕ್ ಇದೆ. ಬೈನಾಕ್ಯುಲರಿನಲ್ಲಿ ಅದರ ಕೆಂಪು ಛಾಯೆ ಚೆನ್ನಾಗಿ ಗೊತ್ತಾಗುತ್ತದೆ. ಮೀರಾಕನ್ನು ಬೈನಾಕ್ಯುಲರಿನ ನೋಟದ ಮೇಲಿನ ಅಂಚಿಗೆ ತನ್ನಿ. ಕೆಳಗೆ, ಉತ್ತರ ದಿಗಂತದ ಕಡೆಗೆ, ತುಸು ಎಡಕ್ಕೆ 4 ಡಿಗ್ರಿಯಲ್ಲಿ ಮ್ಯೂ ಎಂಬ ಮಧ್ಯಮ ನಕ್ಷತ್ರ ಸಿಗುತ್ತದೆ. ಈಗ ಮ್ಯೂವನ್ನು ಮೇಲಿನ ಅಂಚಿಗೆ ತಂದರೆ 3 ಡಿಗ್ರಿ ಕೆಳಗೆ ಇನ್ನೂ ಸ್ವಲ್ಪ ಮಂಕಾದ ನ್ಯೂ. ಅದರ ಎಡಕ್ಕೆ ಒಂದು ಡಿಗ್ರಿ ಚಿಲ್ಲರೆ ದೂರದಲ್ಲಿ, ಅದೇ ನೋಟದೊಳಗೆ, ನಡುವೆ ಬೆಳ್ಳಗಿದ್ದು ಎರಡೂ ಕಡೆಗೆ ಕರಗುತ್ತ ಹೋಗುವ ಮೊಟ್ಟೆಯಾಕಾರದ ಮಬ್ಬು ಇರುತ್ತದೆ. ಅದೇ ಆಂಡ್ರೊಮಿಡಾ.

ಮೊದಲ ಸಲ ಕಾಣದೇ ಹೋಗುವುದು ಹೆಚ್ಚಾಗಿ ಕಣ್ಣನ್ನು ಸಜ್ಜುಗೊಳಿಸದ ಕಾರಣಕ್ಕೆ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು, ಒಂದೇ ಒಂದು ಸಲ ಫೋನ್ ನೋಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಆಕಾಶದ ನಕ್ಷೆ ತೋರಿಸುವ ಆ್ಯಪ್‌ಗಳ ಕೆಂಪು ಪರದೆಯೂ ಬಹಳ ಪ್ರಖರ. ಆದ್ದರಿಂದ ಮೇಲಿನ ದಾರಿಯನ್ನು ಕಾಗದದ ಮೇಲೆ ಬರೆದುಕೊಂಡು, ಟಾರ್ಚಿಗೆ ಎರಡು ಮೂರು ಪದರ ಕೆಂಪು ಜಿಲೇಟಿನ್ ಕಾಗದ ಕಟ್ಟಿ ನೋಡಿ. ಎರಡನೆಯದು, ಮಬ್ಬನ್ನು ನೇರವಾಗಿ ದಿಟ್ಟಿಸಬೇಡಿ. ಅಕ್ಷಿಪಟಲದ ನಟ್ಟನಡುವೆ ಮಂದ ಬೆಳಕನ್ನು ಹಿಡಿಯುವ ಕೋಶಗಳಿಲ್ಲ, ಅವು ಸುತ್ತಲೂ ಇವೆ. ದೃಷ್ಟಿಯನ್ನು ತುಸು ಬದಿಗೆ ಸರಿಸಿ ಗಮನವನ್ನು ಮಾತ್ರ ಮಬ್ಬಿನ ಮೇಲಿಡಿ, ಅದು ತಟ್ಟನೆ ಹಿಗ್ಗಿದಂತೆ ಕಾಣುತ್ತದೆ. ಟೆಲಿಸ್ಕೋಪಿನಲ್ಲಿ ಬಲಗಣ್ಣಿನಿಂದ ನೋಡುತ್ತಿದ್ದರೆ ದೃಷ್ಟಿಯನ್ನು ಬಲಕ್ಕೆ ಸರಿಸಿ. ಎಡಕ್ಕೆ ಸರಿಸಿದರೆ ವಸ್ತು ಕಣ್ಣಿನ ಕುರುಡು ಬಿಂದುವಿನ ಮೇಲೆ ಬಿದ್ದು ಮಾಯವಾಗಬಹುದು.

10 ಪವರ್‌ನಲ್ಲಿ ಕೈ ನಡುಗುವುದೂ ದೊಡ್ಡದಾಗಿಯೇ ಕಾಣುತ್ತದೆ. ಚಾಪೆ ಹಾಸಿ ಮಲಗಿ ಅಥವಾ ಆರಾಮ ಕುರ್ಚಿಯಲ್ಲಿ ಒರಗಿ, ಮೊಣಕೈಗಳನ್ನು ಎದೆಗೆ ಊರಿ ಹಿಡಿಯಿರಿ. ಫೋಕಸ್ ಮಾಡುವಾಗ ಬಲಗಡೆ ಮುಚ್ಚಿ ಎಡಗಣ್ಣಿಗೆ ನಡುವಿನ ಚಕ್ರ ತಿರುಗಿಸಿ ಒಂದು ನಕ್ಷತ್ರವನ್ನು ಚೂಪು ಮಾಡಿ, ಆಮೇಲೆ ಎಡಗಡೆ ಮುಚ್ಚಿ ಬಲ ಐಪೀಸಿನ ಉಂಗುರ ತಿರುಗಿಸಿ. ಎರಡೂ ಕಣ್ಣು ತೆರೆದಾಗ ಒಂದು ನಕ್ಷತ್ರ ಎರಡಾಗಿ ಕಂಡರೆ ಆ ಬೈನಾಕ್ಯುಲರ್ ಎಂದೋ ಬಿದ್ದು ಒಳಗಿನ ಪ್ರಿಸಂ ಜರುಗಿದೆ ಎಂದರ್ಥ. ಅಂಥದ್ದನ್ನು ರಿಪೇರಿಯವರೆಗೆ ಒಂದೇ ಕಣ್ಣಿನಿಂದ ಬಳಸಿ.

ಬೈನಾಕ್ಯುಲರಿನಲ್ಲಿ ಸಿಕ್ಕಿದ ಮೇಲೆ ಟೆಲಿಸ್ಕೋಪ್, ಅದೂ 25 ಎಂ.ಎಂ. ಐಪೀಸ್ ಮಾತ್ರ. ಫೈಂಡರನ್ನು (ಗುರಿ ಹಿಡಿಯಲು ಟೆಲಿಸ್ಕೋಪಿನ ಮೇಲಿರುವ ಪುಟ್ಟ ಸಾಧನ) ಹಗಲಲ್ಲೇ ಸರಿಮಾಡಿಕೊಳ್ಳಿ: ಒಂದು ಕಿಲೋಮೀಟರಾದರೂ ದೂರದ ಮೊಬೈಲ್ ಟವರಿನ ತುದಿಯನ್ನು ಮೊದಲು ಟೆಲಿಸ್ಕೋಪಿನ ನಟ್ಟನಡುವೆ ತಂದು, ಆಮೇಲೆ ಫೈಂಡರಿನ ಸ್ಕ್ರೂಗಳನ್ನು ತಿರುಗಿಸಿ ಅದೇ ತುದಿಯನ್ನು ಅದರ ಗುರುತಿಗೆ ಕೂರಿಸಿ. ಸೂರ್ಯ ಆ ದಿಕ್ಕಿನ ಹತ್ತಿರವೂ ಇರಬಾರದು. ಟೆಲಿಸ್ಕೋಪಿನ 90 ಡಿಗ್ರಿ ಡಯಾಗನಲ್‌ನಲ್ಲಿ (ಬೆಳಕನ್ನು ಐಪೀಸಿನ ಕಡೆಗೆ ತಿರುಗಿಸುವ ಭಾಗ) ಚಿತ್ರ ಎಡಬಲ ಅದಲುಬದಲಾಗುತ್ತದೆ. ಬೈನಾಕ್ಯುಲರಿನಲ್ಲಿ ಎಡಕ್ಕಿದ್ದದ್ದು ಇಲ್ಲಿ ಬಲಕ್ಕೆ ಕಾಣುತ್ತದೆ, ಗಾಬರಿ ಬೇಡ. 62 ಡಿಗ್ರಿ ಎತ್ತರಕ್ಕೆ ತಿರುಗಿಸಿದಾಗ ಕೊಳವೆ ಟ್ರೈಪಾಡಿನ ಕಾಲಿಗೆ ತಾಗುತ್ತಿದ್ದರೆ ಎರಡೂವರೆ ಗಂಟೆ ಕಾಯಿರಿ. ಅಷ್ಟರಲ್ಲಿ ಅದು 47 ಡಿಗ್ರಿಗೆ ಇಳಿದು ಸಲೀಸಾಗುತ್ತದೆ. ಕಾಣುವ ನೋಟದ ಅಗಲ ಎರಡು ಡಿಗ್ರಿಗೂ ಕಡಿಮೆಯಾದ್ದರಿಂದ ಪೂರ್ತಿ ಗ್ಯಾಲಕ್ಸಿ ಒಳಗೆ ಹಿಡಿಸುವುದಿಲ್ಲ. ನಡುವಿನ ಉಜ್ವಲ ತಿರುಳು, ಅದರ ಪಕ್ಕದಲ್ಲಿ ಫೋಕಸ್ ತಪ್ಪಿದ ನಕ್ಷತ್ರದಂತಿರುವ ಪುಟ್ಟ ಸಂಗಾತಿ ಗ್ಯಾಲಕ್ಸಿ ಎಂ 32, ಇವೆರಡು ಸಿಕ್ಕರೆ 70 ಎಂ.ಎಂ.ಗೆ ಪೂರ್ಣ ಅಂಕ.

ಮಗಳಿಗೆ ಮೊದಲೇ ಹೇಳಿಡಿ: ಬಣ್ಣ ಇರುವುದಿಲ್ಲ, ಸುರುಳಿ ತೋಳುಗಳೂ ಇರುವುದಿಲ್ಲ. ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣ ತಿಳಿಯದು, ಮೇಲಾಗಿ ಕಣ್ಣು ಬೆಳಕನ್ನು ಕೂಡಿಡುವುದು ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು ಮಾತ್ರ. ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಕೂಡಿಡುತ್ತದೆ. ಫೋಟೋ ನೋಡಿ ನಿರೀಕ್ಷೆ ಬೆಳೆಸಿಕೊಂಡ ಮಕ್ಕಳು ಈ ಬೂದು ಮಬ್ಬಿನ ಎದುರು ಮುಖ ಸಪ್ಪಗೆ ಮಾಡುವುದನ್ನು ತಪ್ಪಿಸಲು ಒಂದೇ ದಾರಿ, ಅದು ಏನೆಂದು ಮುಂಚೆಯೇ ತಿಳಿಸುವುದು. ಬರಿಗಣ್ಣಿಗೆ ಕಾಣುವ ಬಿಡಿ ನಕ್ಷತ್ರಗಳೆಲ್ಲ ನಮ್ಮದೇ ಕ್ಷೀರಪಥದವು, ಅದರಲ್ಲೂ ಹೆಚ್ಚಿನವು ಕೆಲವೇ ಸಾವಿರ ಜ್ಯೋತಿರ್ವರ್ಷಗಳ ಒಳಗಿನವು. ಬೈನಾಕ್ಯುಲರಿನಲ್ಲಿ ಆಂಡ್ರೊಮಿಡಾದ ಮೇಲೆ ಚೆಲ್ಲಿದಂತಿರುವ ಚುಕ್ಕೆಗಳೂ ನಮ್ಮವೇ. ಜೀಪಿನ ಗಾಜಿಗಂಟಿದ ಮಳೆಹನಿಗಳ ನಡುವಿನಿಂದ ಎದುರು ಗುಡ್ಡದ ಊರಿನ ದೀಪ ನೋಡಿದ ಹಾಗೆ. ಹಿಂದಿನ ಮಬ್ಬು ಮಾತ್ರ ಬೇರೊಂದು ಗ್ಯಾಲಕ್ಸಿ, ಲೆಕ್ಕವಿಲ್ಲದಷ್ಟು ಸೂರ್ಯರ ಒಟ್ಟು ಬೆಳಕು.

ದೂರದ ಅಂದಾಜಿಗೆ ಬೆಳಕಿನ ಗಡಿಯಾರ ಹಿಡಿಯಿರಿ. ಹಾಸನದ ಇಸ್ರೋ ಮಾಸ್ಟರ್ ಕಂಟ್ರೋಲ್ ಕೇಂದ್ರದಿಂದ 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಕ್ಕೆ ಸಂಕೇತ ಹೋಗಲು 0.12 ಸೆಕೆಂಡು. ಚಂದ್ರನಿಗೆ 1.3 ಸೆಕೆಂಡು. ಸೂರ್ಯನಿಂದ ನಮಗೆ 8 ನಿಮಿಷ 20 ಸೆಕೆಂಡು. ಲುಬ್ಧಕದಿಂದ 8.6 ವರ್ಷ, ರೋಹಿಣಿಯಿಂದ 65 ವರ್ಷ, ಕೃತ್ತಿಕೆಯಿಂದ ಸುಮಾರು 440 ವರ್ಷ. ಆಂಡ್ರೊಮಿಡಾದಿಂದ 25 ಲಕ್ಷ ವರ್ಷ. ಒಂದು ಜ್ಯೋತಿರ್ವರ್ಷವೆಂದರೆ 9.46 ಲಕ್ಷ ಕೋಟಿ ಕಿ.ಮೀ. ಕ್ಷೀರಪಥದ ಅಡ್ಡಗಲವೇ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ.

ಅದನ್ನು ಅಳೆದ ಬಗೆ ಬಹಳ ಚೆಂದದ್ದು, ಮಗಳು ಅದರ ಅರ್ಧ ಭಾಗವನ್ನು ತಾನೇ ಮಾಡಿ ನೋಡಬಹುದು. ಹತ್ತಿರದ ನಕ್ಷತ್ರಗಳ ದೂರಕ್ಕೆ ಭೂಮಿಯ ಸುತ್ತಾಟವೇ ಸಾಕು: ಆರು ತಿಂಗಳ ಅಂತರದಲ್ಲಿ ನೋಡಿದರೆ ಹತ್ತಿರದ ನಕ್ಷತ್ರ ಹಿಂದಿನವುಗಳ ಎದುರು ಕೂದಲೆಳೆಯಷ್ಟು ಸರಿದಂತೆ ಕಾಣುತ್ತದೆ. ಬೆಸೆಲ್ 1838ರಲ್ಲಿ 61 ಸಿಗ್ನಿ ಎಂಬ ನಕ್ಷತ್ರಕ್ಕೆ ಹೀಗೆ ಅಳೆದರು. ಅದರ ದೂರ 11.4 ಜ್ಯೋತಿರ್ವರ್ಷ. ಆದರೆ 25 ಲಕ್ಷ ಜ್ಯೋತಿರ್ವರ್ಷಕ್ಕೆ ಈ ಸರಿದಾಟ ಬರಿದಾಗುತ್ತದೆ. ಅಲ್ಲಿಗೆ ಬೇಕಾದದ್ದು ನಿಜವಾದ ಪ್ರಕಾಶ ಗೊತ್ತಿರುವ ದೀಪ. ಅಂಥ ದೀಪಗಳು ಸೆಫೀಡ್ ನಕ್ಷತ್ರಗಳು. ಅವು ಉಬ್ಬುತ್ತ ಕುಗ್ಗುತ್ತ ಕ್ರಮವಾಗಿ ಹೊಳಪು ಬದಲಿಸುತ್ತವೆ. ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿದ್ದು ಇಷ್ಟು: ಏರಿಳಿತದ ಅವಧಿ ಉದ್ದವಿದ್ದಷ್ಟೂ ನಕ್ಷತ್ರದ ನಿಜ ಪ್ರಕಾಶ ಹೆಚ್ಚು. ಅವಧಿಯನ್ನು ಗಡಿಯಾರದಿಂದ ಅಳೆಯಬಹುದು, ಅದರಿಂದ ನಿಜ ಪ್ರಕಾಶ ಸಿಗುತ್ತದೆ. ಕಾಣುವ ಪ್ರಕಾಶ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಎರಡನ್ನೂ ಹೋಲಿಸಿದರೆ ದೂರ ಸಿಗುತ್ತದೆ.

ಖಗೋಳವಿಜ್ಞಾನಿ ಎಡ್ವಿನ್ ಹಬಲ್ 1923ರ ಅಕ್ಟೋಬರಿನಲ್ಲಿ ಮೌಂಟ್ ವಿಲ್ಸನ್‌ನ 100 ಇಂಚಿನ ಟೆಲಿಸ್ಕೋಪಿನಿಂದ ತೆಗೆದ ಆಂಡ್ರೊಮಿಡಾದ ಗಾಜಿನ ಫಲಕದಲ್ಲಿ ಒಂದು ಚುಕ್ಕೆಯನ್ನು ಮೊದಲು ನೋವಾ (ತಟ್ಟನೆ ಹೊಳೆದು ಮಂಕಾಗುವ ನಕ್ಷತ್ರ) ಎಂದು ಗುರುತಿಸಿ, ಆಮೇಲೆ ಅದನ್ನು ಹೊಡೆದುಹಾಕಿ ಹೊಳಪು ಬದಲಿಸುವ ನಕ್ಷತ್ರ ಎಂದು ಬರೆದರು. ಅದು ಸೆಫೀಡ್, ಅವಧಿ 31.4 ದಿನ. ಅಷ್ಟು ದೀರ್ಘ ಅವಧಿಯ ನಕ್ಷತ್ರ ಸೂರ್ಯನ ಸಾವಿರಾರು ಪಟ್ಟು ಪ್ರಕಾಶದ್ದಾಗಿರಬೇಕು, ಆದರೂ ಕಂಡದ್ದು ಬರಿಗಣ್ಣಿನ ಮಿತಿಗಿಂತ ಲಕ್ಷ ಪಟ್ಟು ಮಂಕಾಗಿ. ಹಬಲ್‌ಗೆ ಬಂದ ಉತ್ತರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಕ್ಷೀರಪಥದ ಒಳಗಿನ ಮೋಡವೋ ಹೊರಗಿನ ಇನ್ನೊಂದು ಗ್ಯಾಲಕ್ಸಿಯೋ ಎಂಬ ವಾದವನ್ನು ಮುಗಿಸಲು ಅಷ್ಟೇ ಸಾಕಾಯಿತು. ಸೆಫೀಡ್‌ಗಳಲ್ಲಿ ಎರಡು ಜಾತಿಯಿವೆ, ಹಬಲ್ ಎರಡನ್ನೂ ಒಂದೇ ಕೋಲಿನಿಂದ ಅಳೆದಿದ್ದರು ಎಂದು ವಾಲ್ಟರ್ ಬಾಡೆ 1952ರಲ್ಲಿ ತೋರಿಸಿದಾಗ ದೂರ ದುಪ್ಪಟ್ಟಾಯಿತು. ಆಮೇಲಿನ ತಿದ್ದುಪಡಿಗಳೆಲ್ಲ ಸೇರಿ ಈಗಿನ ಅಂಕಿ 25 ಲಕ್ಷ.

ಮಗಳು ಮಾಡಬಹುದಾದದ್ದು ಇದು. ಈ ಜಾತಿಗೆ ಹೆಸರು ಕೊಟ್ಟ ಡೆಲ್ಟಾ ಸೆಫೈ ನಿಮ್ಮ ಅಂಗಳದಿಂದಲೇ ಬರಿಗಣ್ಣಿಗೆ ಕಾಣುತ್ತದೆ. ನವೆಂಬರ್ ಮಧ್ಯದಲ್ಲಿ ಸಂಜೆ ಏಳೂಕಾಲರ ಹೊತ್ತಿಗೆ ನೇರ ಉತ್ತರಕ್ಕೆ, 45 ಡಿಗ್ರಿ ಎತ್ತರದಲ್ಲಿ, ಕ್ಯಾಸಿಯೋಪಿಯಾದ ಎಡಕ್ಕೆ. ಅದರ ಪಕ್ಕದಲ್ಲೇ ಜೀಟಾ, ಎಪ್ಸಿಲಾನ್ ಎಂಬ ಎರಡು ನಕ್ಷತ್ರ ಸೇರಿ ಪುಟ್ಟ ತ್ರಿಕೋನ. ಜೀಟಾದ ಕಾಂತಿಮಾನ 3.4, ಎಪ್ಸಿಲಾನ್‌ದು 4.2. ಡೆಲ್ಟಾ ಉಚ್ಚದಲ್ಲಿದ್ದಾಗ 3.5, ಹೆಚ್ಚು ಕಡಿಮೆ ಜೀಟಾದಷ್ಟು. ನೀಚದಲ್ಲಿ 4.4, ಎಪ್ಸಿಲಾನ್‌ಗಿಂತಲೂ ಮಂಕು. ಪ್ರತಿ ಸಂಜೆ ಮೂರನ್ನೂ ಹೋಲಿಸಿ ಒಂದು ಅಂದಾಜು ಅಂಕಿ ಬರೆದಿಡಲಿ, ಗಂಟೆಯ ಸಮೇತ. ಮೂರು ವಾರದಲ್ಲಿ ಗ್ರಾಫ್ ಕಾಗದದ ಮೇಲೆ ಗುಡ್ಡಗಳ ಸಾಲು ಬರುತ್ತದೆ: ಒಂದೂವರೆ ದಿನದಲ್ಲಿ ಸರ್ರನೆ ಏರು, ನಾಲ್ಕು ದಿನ ನಿಧಾನ ಇಳಿತ, ಅವಧಿ 5.37 ದಿನ. ಜಾನ್ ಗುಡ್ರಿಕ್ ಎಂಬ ಕಿವುಡ ಯುವಕ 1784ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಕಂಡುಕೊಂಡದ್ದು ಇದೇ ನಕ್ಷತ್ರದ ಏರಿಳಿತವನ್ನು. ಅದರ ದೂರ ಸುಮಾರು 890 ಜ್ಯೋತಿರ್ವರ್ಷ. ಈಗ ನಿಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಹೊರಟದ್ದು ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಗಿ ಹೆಚ್ಚು ಕಾಲವಾಗಿರದಿದ್ದಾಗ.

ಉಪಕರಣದ ಬಗ್ಗೆ ಒಂದು ಮಾತು ಉಳಿದಿದೆ, ಇದನ್ನು ಮಲೆನಾಡಿನವರು ಕಡೆಗಣಿಸಬಾರದು. ಚಳಿಗಾಲದ ರಾತ್ರಿ ಆಕಾಶಕ್ಕೆ ತೆರೆದಿಟ್ಟ ಲೆನ್ಸ್ ಶಾಖ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಇಬ್ಬನಿ ಅದರ ಮೇಲೆ ಕೂರುತ್ತದೆ. ನಕ್ಷತ್ರಗಳು ಊದಿಕೊಂಡಂತೆ ಕಂಡರೆ ಅದೇ ಕಾರಣ. ಒರೆಸಬೇಡಿ, ಧೂಳು ಸೇರಿ ಲೇಪ ಗೀರುತ್ತದೆ. ಕಪ್ಪು ರಟ್ಟಿನಿಂದ 12ರಿಂದ 14 ಸೆಂ.ಮೀ. ಉದ್ದದ ಕೊಳವೆ ಮಾಡಿ ಮುಂದೆ ಸಿಕ್ಕಿಸಿದರೆ ಒಂದೆರಡು ಗಂಟೆ ತಡೆಯುತ್ತದೆ. ಒಳಗೆ ತಂದ ಮೇಲೆ ಮುಚ್ಚಳ ಹಾಕದೆ, ಲೆನ್ಸ್ ತಾನಾಗಿ ಒಣಗಿದ ನಂತರ ಮುಚ್ಚಿ. ಮಳೆಗಾಲದ್ದು ಇನ್ನೂ ದೊಡ್ಡ ಅಪಾಯ: ಗಾಜಿನ ಮೇಲೆ ಬೂಷ್ಟು ಬೆಳೆದು ಜೇಡರ ಬಲೆಯಂತೆ ಹಬ್ಬುತ್ತದೆ, ಅದರ ಆಮ್ಲ ಲೇಪವನ್ನು ತಿಂದರೆ ಮತ್ತೆ ಸರಿಯಾಗುವುದಿಲ್ಲ. ಚರ್ಮದ ಚೀಲದಲ್ಲಿ ಇಡಲೇಬೇಡಿ. ಮೇ ಕೊನೆಗೆ ಬೈನಾಕ್ಯುಲರನ್ನೂ ಐಪೀಸುಗಳನ್ನೂ ಗಾಳಿಯಾಡದ ಡಬ್ಬದಲ್ಲಿ 100ರಿಂದ 200 ಗ್ರಾಂ ಸಿಲಿಕಾ ಜೆಲ್ ಸಮೇತ ಮುಚ್ಚಿಡಿ. ನೀಲಿ ಹರಳು ಗುಲಾಬಿಯಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ತಣಿಸಿ, ಮತ್ತೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.

ಕೊನೆಯ ಪ್ರಶ್ನೆ. ವಿಶ್ವ ಹಿಗ್ಗುವುದೆಂದರೆ ಗ್ಯಾಲಕ್ಸಿಗಳ ಗುಂಪುಗಳ ನಡುವಿನ ಅಂತರ ಹಿಗ್ಗುವುದು. ದೂರ 32.6 ಲಕ್ಷ ಜ್ಯೋತಿರ್ವರ್ಷ ಹೆಚ್ಚಿದಂತೆಲ್ಲ ದೂರ ಸರಿಯುವ ವೇಗ ಸೆಕೆಂಡಿಗೆ ಸುಮಾರು 70 ಕಿ.ಮೀ. ಹೆಚ್ಚುತ್ತದೆ. ಆಂಡ್ರೊಮಿಡಾ ಇರುವಷ್ಟು ಹತ್ತಿರಕ್ಕೆ ಈ ಲೆಕ್ಕದಲ್ಲಿ ಬರುವುದು ಸೆಕೆಂಡಿಗೆ 50 ಚಿಲ್ಲರೆ ಕಿ.ಮೀ. ಮಾತ್ರ. ಎರಡು ಭಾರಿ ಗ್ಯಾಲಕ್ಸಿಗಳ ಪರಸ್ಪರ ಎಳೆತ ಎಂದೋ ಅದನ್ನು ಮೀರಿತು. ಈ ನೆರೆಹೊರೆಯಲ್ಲಿ ಹಿಗ್ಗುವಿಕೆ ನಡೆಯುತ್ತಲೇ ಇಲ್ಲ ಎನ್ನಬಹುದು. ವೆಸ್ಟೊ ಸ್ಲಿಫರ್ 1912ರಲ್ಲೇ ಆಂಡ್ರೊಮಿಡಾದ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಗೆರೆಗಳು ನೀಲಿಯ ಕಡೆಗೆ ಸರಿದಿರುವುದನ್ನು, ಅಂದರೆ ಹತ್ತಿರ ಬರುವ ವಸ್ತುವಿನ ಗುರುತನ್ನು, ಅಳೆದು, ಸೂರ್ಯನ ಕಡೆಗೆ ಸೆಕೆಂಡಿಗೆ 300 ಕಿ.ಮೀ. ವೇಗದಲ್ಲಿ ಬರುತ್ತಿದೆ ಎಂದರು. ಅದರಲ್ಲಿ ಹೆಚ್ಚಿನ ಪಾಲು ಕ್ಷೀರಪಥದ ಸುತ್ತ ಸೂರ್ಯನದೇ ಓಟ. ಅದನ್ನು ಕಳೆದರೆ ಎರಡು ಗ್ಯಾಲಕ್ಸಿಗಳು ಹತ್ತಿರವಾಗುತ್ತಿರುವುದು ಸೆಕೆಂಡಿಗೆ ಸುಮಾರು 110 ಕಿ.ಮೀ. 400ರಿಂದ 500 ಕೋಟಿ ವರ್ಷಗಳಲ್ಲಿ ಡಿಕ್ಕಿ ಖಂಡಿತ ಎಂದು ಬಹಳ ಕಾಲ ಹೇಳಲಾಗುತ್ತಿತ್ತು. ಗಾಯಾ ಮತ್ತು ಹಬಲ್ ದೂರದರ್ಶಕಗಳ ಅಳತೆಗಳನ್ನು ಆಧರಿಸಿದ 2025ರ ಲೆಕ್ಕಾಚಾರ ಆ ಖಾತ್ರಿಯನ್ನು ಸಡಿಲಿಸಿದೆ: ಮುಂದಿನ 1000 ಕೋಟಿ ವರ್ಷಗಳಲ್ಲಿ ಅವು ಒಂದಾಗುವ ಸಾಧ್ಯತೆ ಹೆಚ್ಚು ಕಡಿಮೆ ಅರ್ಧಕ್ಕರ್ಧ. ತ್ರಿಕೋನ ಪುಂಜದ ಗ್ಯಾಲಕ್ಸಿ ಎಂ 33ರ ಎಳೆತ ಡಿಕ್ಕಿಯ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಕ್ಷೀರಪಥದ ಪಕ್ಕದ ಪುಟ್ಟ ಗ್ಯಾಲಕ್ಸಿಯಾದ ದೊಡ್ಡ ಮೆಗೆಲಾನಿಕ್ ಮೋಡದ ಎಳೆತ ಕಡಿಮೆ ಮಾಡುತ್ತದೆ.

ಈ ಎರಡನ್ನೂ ನೀವು ಹುಡುಕಬಹುದು. ಮೀರಾಕ್‌ನಿಂದ ಆಂಡ್ರೊಮಿಡಾ ಇರುವಷ್ಟೇ ದೂರ ಅದಕ್ಕೆ ಪೂರ್ತಿ ವಿರುದ್ಧ ದಿಕ್ಕಿಗೆ ಹೋದರೆ ಎಂ 33. ಅದು ಆಂಡ್ರೊಮಿಡಾಗಿಂತ ಬಹಳ ತೆಳು, ಭಾದ್ರಪದ ಚೌಕದೊಳಗೆ ಹತ್ತು ನಕ್ಷತ್ರ ಎಣಿಸಿದ ರಾತ್ರಿ ಮಾತ್ರ ಬೈನಾಕ್ಯುಲರ್ ಹಿಡಿಯಿರಿ. ಮೆಗೆಲಾನಿಕ್ ಮೋಡ ಕಷ್ಟದ್ದು. ಜನವರಿ ಮೊದಲ ವಾರ ರಾತ್ರಿ ಹನ್ನೊಂದರ ಸುಮಾರಿಗೆ ದಕ್ಷಿಣ ದಿಗಂತದಿಂದ ಬರೀ 7 ಡಿಗ್ರಿ ಮೇಲೆ, ಅಗಸ್ತ್ಯ ನಕ್ಷತ್ರಕ್ಕಿಂತ ಸಾಕಷ್ಟು ಕೆಳಗೆ ಬಲಕ್ಕೆ ಇರುತ್ತದೆ. ತೋಟದ ತಗ್ಗಿನಿಂದ ಆಗದು; ದಕ್ಷಿಣಕ್ಕೆ ತೆರೆದ, ಊರಿನ ಬೆಳಕಿಲ್ಲದ ಎತ್ತರದ ಜಾಗ ಬೇಕು, ಮಂಜು ಕಣಿವೆಯಲ್ಲೇ ಉಳಿದ ರಾತ್ರಿಯಾಗಿರಬೇಕು. ಗಿರಿಗಳ ಕಡೆ ಹೋಗುವುದಾದರೆ ರಾತ್ರಿ ಪ್ರವೇಶಕ್ಕೆ ಅನುಮತಿ ಇದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.